ನಾಲ್ಕು ಸಲ ಬಂದ ಪುಟ

ಆ ದರಿದ್ರ ಪುಟವನ್ನು ಮನೆಯೊಳಕ್ಕೆ ಹೊತ್ತು ತಂದವಳು ಅರ್ಡಿತ್ತೇ. ಬೇರೆ ಯಾರನ್ನಾದರೂ ಹಿಡಿದು ಬೈಯೋಣವೆಂದರೆ ಆ ಸುಖವೂ ಅವಳಿಗಿರಲಿಲ್ಲ.

ಓಹಾಯೊದ ಆ ಊರಿನಲ್ಲಿ ಅರ್ಧ ಮನೆಗಳ ಒಲೆ ಉರಿಯುತ್ತಿದ್ದದ್ದು ಅಚ್ಚಿನ ಕಾರ್ಖಾನೆಯಿಂದ. ದೇಶವೆಲ್ಲ ಓದುವ ಒಂದು ಮಾಸಪತ್ರಿಕೆ ಅಲ್ಲಿ ಅಚ್ಚಾಗುತ್ತಿತ್ತು. ಹಲ್ಲಿನ ಡಾಕ್ಟರ ಕೋಣೆಯಲ್ಲಿ, ಕ್ಷೌರದಂಗಡಿಯಲ್ಲಿ, ಎಲ್ಲಿ ಕೂತರೂ ಕೈಗೆ ಸಿಗುವಂಥದ್ದು. ಅರ್ಡಿತ್ ಹನ್ನೊಂದು ವರ್ಷದಿಂದ ಅಲ್ಲಿ ಪುಸ್ತಕ ಕಟ್ಟುವ ಯಂತ್ರದ ಪಕ್ಕ ನಿಲ್ಲುತ್ತಿದ್ದಳು. ಮಡಿಸಿದ ಹಾಳೆಗಳನ್ನು ಪೆಟ್ಟಿಗೆಗಳಿಗೆ ತುಂಬಬೇಕು. ಯಂತ್ರ ಒಂದೊಂದು ಪೆಟ್ಟಿಗೆಯಿಂದ ಒಂದೊಂದು ಎಳೆದುಕೊಂಡು, ಒಟ್ಟು ಸೇರಿಸಿ, ಬೆನ್ನಿಗೆ ತಂತಿ ಹೊಡೆದು ಆಚೆ ತಳ್ಳುತ್ತದೆ. ಒಮ್ಮೊಮ್ಮೆ ಪೆಟ್ಟಿಗೆ ಕಚ್ಚಿಕೊಂಡು ಒಂದರ ಬದಲು ಎರಡು ಮೂರು ಹಾಳೆ ಉಗುಳುತ್ತದೆ. ಹಾಗೆ ಕೆಟ್ಟ ಪ್ರತಿಗಳಿಗೆ ಅಲ್ಲಿನ ಹೆಂಗಸರು ‘ಕೊಳೆತದ್ದು’ ಎನ್ನುತ್ತಿದ್ದರು. ಬುಟ್ಟಿಯಿಂದ ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. ಹನ್ನೊಂದು ವರ್ಷವೂ ಅರ್ಡಿತ್ತಳ ಮನೆಯವರು ಓದಿದ್ದು ಕೊಳೆತ ಪ್ರತಿಗಳನ್ನೇ. ಕೊನೆ ಇಲ್ಲದ ಕಥೆಗಳು, ಕೇಕು ಮಾಡುವ ವಿಧಾನ ಎರಡೆರಡು ಸಲ ಬಂದ ಪುಟಗಳು, ಯಾವುದಕ್ಕೂ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಅರವತ್ತೊಂಬತ್ತರ ಅಕ್ಟೋಬರಿನಲ್ಲಿ ತಂದ ಪ್ರತಿಯನ್ನು ಅವಳ ಗಂಡ ಡೆಲ್ಬರ್ಟ್ ಅಡುಗೆಮನೆಯ ಮೇಜಿನ ಮೇಲೆ ಬಿಡಿಸಿ ಕೂತ. ಡೆಲ್ಬರ್ಟ್ ಬೇಕರಿಯ ಬ್ರೆಡ್ ವ್ಯಾನ್ ಓಡಿಸುವವನು. ಹಾದಿಯಲ್ಲಿ ಸಿಕ್ಕ ಮುದುಕಿಯರ ಚೀಲವನ್ನೆಲ್ಲ ಮೆಟ್ಟಿಲು ಹತ್ತಿಸಿಕೊಟ್ಟು ಬರುವ ಪುಣ್ಯಾತ್ಮ, ಮನೆಗೆ ಮಾರಿ, ಊರಿಗೆ ಉಪಕಾರಿ.

“ಅರ್ಡಿತ್, ಇಲ್ನೋಡು. ಒಂದು, ಎರಡು, ಮೂರು, ನಾಲ್ಕು. ಒಂದೇ ಪುಟ ನಾಲ್ಕು ಸಲ.”

ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಲೇ ಬಗ್ಗಿ ನೋಡಿದಳು. ಯಾವುದೋ ಕ್ರೈಸ್ತ ಸಭೆಯವರ ಜಾಹೀರಾತು. ಉರಿಯುತ್ತಿರುವ ನಗರ, ಅದರ ಮೇಲೆ ದಪ್ಪ ಅಕ್ಷರ: ‘೧೯೭೨: ಕೊನೆಯ ವರ್ಷ?’ ಕೆಳಗೆ, ಕತ್ತರಿಸಿ ಕಳಿಸಿದರೆ ಪುಸ್ತಕ ಉಚಿತ ಎನ್ನುವ ಕೂಪನ್.

“ಪೆಟ್ಟಿಗೆ ಕಚ್ಕೊಂಡಿರುತ್ತೆ,” ಎಂದಳು.

“ಊರಿಗೆಲ್ಲ ಒಂದು ಸಲ. ನನಗೆ ನಾಲ್ಕು ಸಲ. ಯೋಚನೆ ಮಾಡು.”

“ನಿನಗೆ ಅಂತ ಯಾರೂ ಕಳಿಸಿಲ್ಲ ಡೆಲ್. ಬುಟ್ಟೀಲಿ ಮೇಲಿದ್ದದ್ದನ್ನ ಎತ್ಕೊಂಡು ಬಂದೆ.”

“ಮೇಲೆ ಇಟ್ಟೋನು ಯಾರು?”

“ಹಾಗಿದ್ರೆ ಅದೇ ಹಾಳೆ ಹಿಂದುಗಡೆ ನೋಡು. ಕಾಲಿನ ಆಣಿಗೆ ಹಚ್ಚೋ ಮುಲಾಮೂ ನಾಲ್ಕು ಸಲ ಬಂದಿದೆ. ಅದನ್ನೂ ತರಿಸ್ಕೊ!”

ಡೆಲ್ಬರ್ಟನ ತಾಯಿ ಹಿಲ್ಡಾ ಕುರ್ಚಿಯಲ್ಲಿ ಕೂತು ಗೊಳ್ಳೆಂದು ನಕ್ಕಳು. ಅರ್ಡಿತ್ತೂ ನಕ್ಕಳು. ಆಮೇಲೆ ಎಷ್ಟು ತಿಂಗಳು ಆ ನಗುವಿಗಾಗಿ ತನ್ನನ್ನೇ ಶಪಿಸಿಕೊಂಡಳೋ. ಅವತ್ತೇ ಅದನ್ನು ಒಲೆಗೆ ಹಾಕಿದ್ದರೆ ಆಗುತ್ತಿತ್ತು.

ಡೆಲ್ಬರ್ಟ್ ಕೂಪನ್ ಕತ್ತರಿಸಿದ. ಪುಸ್ತಕ ಬಂತು, ಅದರ ಹಿಂದೆ ಇನ್ನೊಂದು, ಆಮೇಲೆ ತಿಂಗಳಿಗೊಂದು ಕಾಗದ. ಹೊಸ ವರ್ಷದ ಹೊತ್ತಿಗೆ ಕಪ್ಪು ಸೂಟಿನ ಇಬ್ಬರು ಬಂದು ಕಾಫಿ ಕುಡಿದು ಹೋದರು. ಅಲ್ಲಿಂದ ಶನಿವಾರ ಕೆಲಸ ಬಂದ್, ದುಡಿಮೆಯಲ್ಲಿ ಹತ್ತರಲ್ಲೊಂದು ಪಾಲು ಸಭೆಗೆ, ಹುಟ್ಟುಹಬ್ಬ ಪಾಪ, ಹಂದಿಮಾಂಸ ಪಾಪ. ಈಸ್ಟರ್ ದಿನ ಹಿಲ್ಡಾ ಲವಂಗ ಚುಚ್ಚಿ, ಬೆಲ್ಲದಂಥ ಕಂದು ಸಕ್ಕರೆ ಸವರಿ ಮೂರು ಗಂಟೆ ಬೇಯಿಸಿದ ಹಂದಿತೊಡೆಯನ್ನು ಡೆಲ್ಬರ್ಟ್ ಬಟ್ಟಲಿನ ಸಮೇತ ಎತ್ತಿಕೊಂಡು ಹೋಗಿ ಹಿತ್ತಲಿನ ಕಸದ ಡಬ್ಬಿಗೆ ಸುರಿದು ಬಂದ.

“ಅಯ್ಯೋ ನಿನ್ನ ಮನೆ ಹಾಳಾಗ!” ಎಂದು ಬೈದ ಹಿಲ್ಡಾಗೆ, ಅದು ತಾನೂ ಇರುವ ಮನೆ ಎಂದು ಹೊಳೆದು ಇನ್ನಷ್ಟು ಸಿಟ್ಟು ಬಂತು. “ಹೆತ್ತ ತಾಯಿ ಮಾಡಿದ ಅಡುಗೆ ಕಣೋ! ನಿಮ್ಮಪ್ಪ ಇದ್ದಿದ್ರೆ ಆ ಬಟ್ಟಲನ್ನ ನಿನ್ನ ತಲೆ ಮೇಲೆ ಕವುಚಿ ಹಾಕ್ತಿದ್ರು.”

“ತಿಂದು ಸಾಯೋದಕ್ಕಿಂತ ಬೈಸ್ಕೊಳ್ಳೋದು ವಾಸಿ,” ಎಂದು ಅವನು ಕೈ ತೊಳೆದುಕೊಂಡ.

ಇದನ್ನೆಲ್ಲ ಅರ್ಡಿತ್ ನುಂಗಿಕೊಂಡಳು. ಹುಚ್ಚು ಹತ್ತಿದಂತೆ ಇಳಿಯುತ್ತದೆ, ಇಳಿಯಲಿ ಎಂದುಕೊಂಡಳು. ನುಂಗಲಾಗದ್ದು ಬಂದದ್ದು ಈಸ್ಟರ್ ಕಳೆದ ಮರುವಾರ, ಅಂಚೆಯಲ್ಲಿ.

ಮಗಳು ನೋರೀನ್‌ಗೆ ಹದಿನೇಳು ವರ್ಷ. ಪಕ್ಕದ ಊರಿನ ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ನೂರ ಎಂಬತ್ತು ಹುಡುಗಿಯರಲ್ಲಿ ಮೂವತ್ತು ಜನರನ್ನು ಆರಿಸಿದ್ದರು. ಮೂರು ವರ್ಷದ ತರಬೇತಿ, ಊಟ ವಸತಿ ಅವರದೇ. ಮೇ ಹದಿನೈದರೊಳಗೆ ಒಪ್ಪಿಗೆಯ ಹಾಳೆ ತುಂಬಿ ಕಳಿಸಬೇಕು, ತಂದೆಯ ಸಹಿ ಕಡ್ಡಾಯ. ನೋರೀನ್ ಕಾಗದವನ್ನು ಅಪ್ಪನ ತಟ್ಟೆಯ ಪಕ್ಕ ಇಟ್ಟು, ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು ನಿಂತಳು. ಚಿಕ್ಕಂದಿನಿಂದಲೂ ಅವಳಿಗೆ ಬೇಕಾದ್ದನ್ನು ಕೇಳುವಾಗ ಹಾಗೆ ನಿಲ್ಲುವ ಅಭ್ಯಾಸ.

ಡೆಲ್ಬರ್ಟ್ ಓದಿದ. ಮಡಿಸಿದ. “ಬೇಡಮ್ಮ,” ಎಂದ.

“ಯಾಕಪ್ಪಾ?”

“ಮೂರು ವರ್ಷ ಅಂದ್ರೆ ಎಪ್ಪತ್ತಮೂರು. ಎಪ್ಪತ್ತೆರಡಕ್ಕೇ ಎಲ್ಲ ಮುಗಿಯುತ್ತೆ. ಇರೋ ದಿನ ಮನೇಲಿ ನಮ್ಮ ಜೊತೆ ಇರು. ಅಲ್ದೆ ಔಷಧಿ, ಸೂಜಿ, ಇದೆಲ್ಲ ದೇವರ ಮೇಲೆ ನಂಬಿಕೆ ಇಲ್ಲದೋರ ಕೆಲಸ.”

“ಡೆಲ್,” ಎಂದಳು ಅರ್ಡಿತ್. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು, ಇಲ್ಲವಾದರೆ ಅದು ಅವನ ಮೇಲೆ ಬೀಳುತ್ತಿತ್ತು. “ನೋರೀನ್ ಹುಟ್ಟುವಾಗ ನಾನು ಸತ್ತು ಬದುಕಿದ್ದು ಒಬ್ಬ ನರ್ಸಿನ ಕೈಲಿ. ಆ ದಿನ ಮೊಣಕಾಲೂರಿ ಆ ಹೆಂಗಸಿನ ಕೈಗೆ ಮುತ್ತು ಕೊಟ್ಟೋನು ನೀನು.”

“ಆಗ ನನಗೆ ಸತ್ಯ ಗೊತ್ತಿರಲಿಲ್ಲ.”

“ಸತ್ಯ! ಹಾಳು ಸತ್ಯ! ಬುಟ್ಟೀಲಿ ಬಿದ್ದಿದ್ದ ಸತ್ಯ!”

“ಕೂಗಾಡಿದ್ರೆ ಸಹಿ ಹಾಕಲ್ಲ. ಕೂಗಾಡದಿದ್ರೂ ಹಾಕಲ್ಲ,” ಎಂದು ಅವನು ಎದ್ದ. ನೋರೀನ್ ಕಾಗದವನ್ನು ಎತ್ತಿಕೊಂಡು, ಮಡಿಕೆಯನ್ನು ಉಗುರಿನಿಂದ ತೀಡಿ ಸರಿಮಾಡಿ, ಫ್ರಿಜ್ಜಿನ ಮೇಲೆ ಇಟ್ಟಳು. ಅಳಲಿಲ್ಲ. ಅತ್ತಿದ್ದರೆ ಅರ್ಡಿತ್‌ಗೆ ಅಷ್ಟು ಹೊಟ್ಟೆ ಉರಿಯುತ್ತಿರಲಿಲ್ಲವೇನೋ.

ಏಪ್ರಿಲ್ ನಡುವೆ ಹೊಸದೊಂದು ಕಾಟ ಶುರುವಾಯಿತು. ಸಭೆಯ ಹಬ್ಬಕ್ಕೆ ಮುಂಚೆ ಮನೆಯಲ್ಲಿ ಹುಳಿ ಹಿಟ್ಟಿನ, ಹಿಟ್ಟು ಉಬ್ಬಿಸುವ ಯಾವುದರ ಒಂದು ಕಣವೂ ಇರಬಾರದಂತೆ. ಡೆಲ್ಬರ್ಟ್ ಬ್ರೆಡ್ಡು, ಬಿಸ್ಕತ್ತು, ಯೀಸ್ಟು, ಅಡುಗೆ ಸೋಡ ಎಲ್ಲವನ್ನೂ ಚೀಲಕ್ಕೆ ತುಂಬಿ ಹೊರಗೆ ಹಾಕಿದ. ಟೋಸ್ಟರನ್ನು ಬೋರಲು ಹಾಕಿ ಬಡಿದ. ಸೋಫಾದ ಸಂದಿಗೆ ಕೈ ಹಾಕಿ ಪುಡಿ ಕೆದಕಿದ. ಕೊನೆಗೆ ಹಿಲ್ಡಾಳ ಹೊಟ್ಟೆಯುರಿ ಮಾತ್ರೆಯ ಡಬ್ಬಿಯನ್ನೂ ಎತ್ತಿಕೊಂಡ. ಅದರಲ್ಲಿ ಸೋಡ ಇತ್ತಲ್ಲ.

“ಅದನ್ನ ಅಲ್ಲೇ ಇಡು,” ಎಂದಳು ಹಿಲ್ಡಾ.

“ಏಳೇ ದಿನ ಅಮ್ಮ.”

“ದಿನಾ ಬೆಳಗಾದ್ರೆ ವ್ಯಾನ್ ತುಂಬ ಬ್ರೆಡ್ ಇಟ್ಕೊಂಡು ಊರೆಲ್ಲ ಹಂಚ್ತೀಯ. ಅದು ಪಾಪ ಅಲ್ಲ. ನನ್ನ ಮಾತ್ರೆ ಪಾಪ?”

“ಆ ವ್ಯಾನ್ ಬೇಕರಿಯವರದು. ನನ್ನ ಮನೆ ಹೊಸಲಿನೊಳಗೆ ಇರಬಾರದು ಅಂತ ಅಷ್ಟೇ ಇರೋದು.”

“ನಿನ್ನ ದೇವರಿಗೆ ಹೊಸಲು ಬೇರೆ ಕಾಣುತ್ತೇನೋ? ಒಳ್ಳೆ ದೇವರು, ಒಳ್ಳೆ ಭಕ್ತ!” ಎಂದು ಹಿಲ್ಡಾ ಡಬ್ಬಿಯನ್ನು ಕಿತ್ತುಕೊಂಡು ಎದೆಯೊಳಗೆ ಸಿಕ್ಕಿಸಿಕೊಂಡಳು. ಅಲ್ಲಿಗೆ ಕೈ ಹಾಕುವ ಧೈರ್ಯ ಡೆಲ್ಬರ್ಟನಿಗೆ ಬರಲಿಲ್ಲ.

ಅದೇ ವಾರ ಕಾರ್ಖಾನೆಯಲ್ಲಿ ಜೂನ್ ಸಂಚಿಕೆ ಕಟ್ಟುತ್ತಿದ್ದರು. ಅರ್ಡಿತ್ ತನ್ನ ಪೆಟ್ಟಿಗೆಗೆ ಕಂತೆ ತುಂಬುತ್ತಿದ್ದಾಗ ಆ ಸಭೆಯವರ ಪುಟ ಮತ್ತೆ ಕಣ್ಣಿಗೆ ಬಿತ್ತು, ಮೈ ಉರಿಯಿತು. ಮೇಲಿನ ಹಾಳೆಯಲ್ಲಿ ಉರಿಯುವ ನಗರ. ಅದರ ಕೆಳಗಿನದರಲ್ಲಿ ನಗರವಿಲ್ಲ, ಖಾಲಿ ತೊಟ್ಟಿಲು: ‘ನಿಮ್ಮ ಮಗು ೧೯೭೨ನ್ನು ನೋಡುವುದೇ?’ ಮೂರನೆಯದರಲ್ಲಿ ಮತ್ತೆ ನಗರ. ನಾಲ್ಕನೆಯದರಲ್ಲಿ ತೊಟ್ಟಿಲು. ಅವಳು ಮೇಸ್ತ್ರಿ ಕೆಸ್ಲರನನ್ನು ಕರೆದಳು.

“ಹಾಳೆ ಬೆರಕೆ ಆಗಿದೆ ನೋಡು.”

“ಬೆರಕೆ ಅಲ್ಲ, ಬೇಕು ಅಂತಲೇ ಹಾಗೆ,” ಎಂದ ಕೆಸ್ಲರ್. “ಒಂದು ಮನೆಗೆ ಬೆಂಕಿ, ಪಕ್ಕದ ಮನೆಗೆ ತೊಟ್ಟಿಲು. ಕೂಪನ್ ಮೂಲೇಲಿ ನೋಡು, ಇದರಲ್ಲಿ ಕೆ ಅಂತಿದೆ, ಅದರಲ್ಲಿ ಎಲ್ ಅಂತಿದೆ. ಯಾವುದು ಜಾಸ್ತಿ ವಾಪಸ್ ಬರುತ್ತೋ ಮುಂದಿನ ಸಲ ಅದನ್ನೇ ಹಾಕಿಸ್ತಾರೆ. ಹೋದ ವರ್ಷ ಸೋಪಿನವರೂ ಹೀಗೇ ಮಾಡಿಸಿದ್ರು.”

“ಸೋಪಿನ ಥರಾನೇ?”

“ನಮಗೇನು ಅರ್ಡಿತ್, ಸೋಪಾದ್ರೂ ಅಷ್ಟೆ, ಪ್ರಳಯ ಆದ್ರೂ ಅಷ್ಟೆ. ಕಾಸು ಕೊಟ್ಟೋರಿಗೆ ಪುಟ.”

ಅವಳಿಗೆ ಅಲ್ಲೇ ಕಿರುಚಬೇಕೆನ್ನಿಸಿತು. ಇಷ್ಟು ದಿನ ತನ್ನ ಗಂಡ ಮೂರ್ಖ ಎಂದಷ್ಟೇ ಸಿಟ್ಟಿತ್ತು. ಈಗ ಆ ಮೂರ್ಖನಂಥವರನ್ನು ಎಲ್ಲೋ ದೂರದ ಮೇಜಿನ ಹಿಂದೆ ಕೂತ ಜಾಣರು ಹೆದರಿಸಿ, ಯಾವ ಹೆದರಿಕೆಗೆ ಎಷ್ಟು ಜನ ಬೀಳುತ್ತಾರೆಂದು ನೋಡುತ್ತಿದ್ದಾರೆ ಎಂದು ತಿಳಿಯಿತು. ತಿಳಿದೂ ಮಿಕ್ಕ ಕಂತೆಗಳನ್ನು ತುಂಬಿದಳು. ತುಂಬದೆ ಇನ್ನೇನು ಮಾಡಿಯಾಳು? ಸಂಜೆ ಒಂದು ನಗರ, ಒಂದು ತೊಟ್ಟಿಲು, ಎರಡು ಹಾಳೆ ಬುಟ್ಟಿಯಿಂದ ಎತ್ತಿಕೊಂಡು ಮನೆಗೆ ಬಂದಳು.

“ಓದು,” ಎಂದು ಎರಡನ್ನೂ ಡೆಲ್ಬರ್ಟನ ಮುಂದೆ ಹಾಸಿದಳು. “ಕೆಳಗಿನ ಮಾತು ಅಕ್ಷರಕ್ಷರ ಒಂದೇ. ಮೇಲಿನ ಚಿತ್ರ ಬೇರೆ. ಇದು ಕೆ, ಇದು ಎಲ್. ಯಾವ ಗಾಳಕ್ಕೆ ಎಷ್ಟು ಮೀನು ಬೀಳುತ್ತೆ ಅಂತ ನೋಡ್ತಿದಾರೆ. ನೀನೇ ಮೀನು.”

ಅವನು ಎರಡನ್ನೂ ನಿಧಾನವಾಗಿ ಓದಿದ. ಬಾಗಿಲ ಬಳಿ ನೋರೀನ್ ನಿಂತಿದ್ದಳು. ಡೆಲ್ಬರ್ಟ್ ತಲೆಯೆತ್ತಿದಾಗ ಅವನ ಮುಖದ ತುಂಬ ನಗು.

“ಸರಿಯಾಗೇ ಹೇಳ್ದೆ. ‘ನಿಮ್ಮನ್ನು ಮನುಷ್ಯರನ್ನು ಹಿಡಿಯುವ ಬೆಸ್ತರನ್ನಾಗಿ ಮಾಡುವೆನು’ ಅಂತ ಬೈಬಲ್‌ನಲ್ಲಿ ಸ್ವಾಮೀನೇ ಹೇಳಿದಾನಲ್ಲ. ನಾನು ಕೆರೆಗೆ ಹೋದಾಗ ಒಂದು ಗಾಳಕ್ಕೆ ಬೀಳದಿದ್ರೆ ಇನ್ನೊಂದು ಕಟ್ಟಲ್ವಾ? ಮೀನು ದಡಕ್ಕೆ ಬಂದ್ರೆ ಸರಿ.”

“ದಡಕ್ಕೆ ಬಂದ ಮೀನಿಗೆ ಏನಾಗುತ್ತೆ ಗೊತ್ತೇನೋ ನಿನಗೆ?” ಎಂದು ಹಿಲ್ಡಾ ಒಳಗಿನಿಂದ ಕೂಗಿದಳು. ಡೆಲ್ಬರ್ಟ್ ಆಗಲೇ ತೊಟ್ಟಿಲಿನ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡಿದ್ದ. ಬೇಕರಿಯಲ್ಲಿ ಒಬ್ಬನಿಗೆ ಮಗು ಹುಟ್ಟಿದೆ, ಅವನಿಗೆ ತೋರಿಸಬೇಕಂತೆ. ಅರ್ಡಿತ್ ತಲೆ ತಲೆ ಚಚ್ಚಿಕೊಂಡಳು. ಎರಡನೇ ಸಲವೂ ತಾನೇ ತಂದುಕೊಟ್ಟ ಹಾಗಾಯಿತು.

ಮೇ ಮೊದಲ ವಾರ ಅವಳು ಅರ್ಧ ದಿನ ರಜೆ ಹಾಕಿ ನರ್ಸಿಂಗ್ ಶಾಲೆಗೇ ಹೋದಳು. ತಂದೆಯ ಬದಲು ತಾನೇ ಸಹಿ ಹಾಕುತ್ತೇನೆ ಎಂದಳು. ಮೇಜಿನ ಹಿಂದಿದ್ದ ಹೆಂಗಸು ಕನ್ನಡಕದ ಮೇಲಿನಿಂದ ನೋಡಿದಳು.

“ಹುಡುಗಿಯ ತಂದೆ ತೀರ್ಕೊಂಡಿದಾರಾ?”

“ಇಲ್ಲ.”

“ಬಿಟ್ಟು ಹೋಗಿದಾರಾ?”

“ಇಲ್ಲ, ಮನೇಲೇ ಇದಾನೆ. ತಲೆ ಮಾತ್ರ ಎಲ್ಲೋ ಹೋಗಿದೆ.”

“ಹಾಗಿದ್ರೆ ಅವರ ಸಹೀನೇ ಆಗಬೇಕಮ್ಮ. ಅವರದೇ ಕೈಬರಹ. ಆಮೇಲೆ ತಂದೆ ಬಂದು ಮಗಳನ್ನ ಎಳ್ಕೊಂಡು ಹೋಗೋದು, ನಮಗೆ ಸಾಕಾಗಿದೆ.”

ಒಂಬತ್ತು ತಿಂಗಳು ಹೊತ್ತವಳ ಸಹಿಗೆ ಮೂರು ಕಾಸಿನ ಬೆಲೆ ಇಲ್ಲ! ಅರ್ಡಿತ್ ಬಸ್ಸಿನಲ್ಲಿ ಇಡೀ ದಾರಿ ಹಲ್ಲು ಕಚ್ಚಿಕೊಂಡು ಕೂತಳು. ಮನೆಗೆ ಬಂದು ಆದದ್ದನ್ನೆಲ್ಲ ಅತ್ತೆಯ ಮುಂದೆ ಕಾರಿಕೊಂಡಳು. ಹಿಲ್ಡಾ ಅವತ್ತು ಒಂದು ತಮಾಷೆಯನ್ನೂ ಮಾಡಲಿಲ್ಲ. ಬಟಾಣಿ ಸುಲಿಯುತ್ತ ಸುಮ್ಮನೆ ಕೇಳಿಸಿಕೊಂಡಳು.

ಮೇ ಹದಿಮೂರು, ಬುಧವಾರ. ಈರುಳ್ಳಿ ಹಾಕಿ ಹುರಿದ ದನದ ಲಿವರ್, ಆಲೂಗಡ್ಡೆ, ಬಟಾಣಿ. ನಾಲ್ವರೂ ಊಟಕ್ಕೆ ಕೂತಿದ್ದರು. ಡೆಲ್ಬರ್ಟ್ ಉದ್ದನೆಯ ಪ್ರಾರ್ಥನೆ ಮುಗಿಸಿ ಫೋರ್ಕು ಕೈಗೆ ತೆಗೆದುಕೊಂಡಾಗ ಹಿಲ್ಡಾ ಉಪ್ಪು ಕೇಳುವ ದನಿಯಲ್ಲಿ ಹೇಳಿದಳು:

“ಅರ್ಡಿತ್, ಶುಕ್ರವಾರ ನನ್ನನ್ನ ವಕೀಲರ ಆಫೀಸಿಗೆ ಕರ್ಕೊಂಡು ಹೋಗ್ತೀಯಾ?”

“ಏನಕ್ಕೆ ಅತ್ತೆ?”

“ಕೆರೆ ಹತ್ರದ ಮನೇನ ಮೇವಿಸ್ ಹೆಸರಿಗೆ ಬರೆದುಬಿಡ್ತೀನಿ.”

ಮೇವಿಸ್ ಎಂದರೆ ಡೆಲ್ಬರ್ಟನ ತಂಗಿ. ಕೆರೆಯ ಬಳಿಯ ಎರಡು ಕೋಣೆಯ ಮರದ ಮನೆ ಹಿಲ್ಡಾಳ ಹೆಸರಿನಲ್ಲಿತ್ತು; ಬೇಸಗೆಯಲ್ಲಿ ಡೆಲ್ಬರ್ಟ್ ಮೀನು ಹಿಡಿಯಲು ಹೋಗುತ್ತಿದ್ದದ್ದು ಅಲ್ಲಿಗೇ. ಅರ್ಡಿತ್ ಅತ್ತೆಯ ಮುಖ ನೋಡಿದಳು. ಹಿಲ್ಡಾ ಬಟಾಣಿಯನ್ನೇ ನೋಡುತ್ತಿದ್ದಳು.

“ಮೇವಿಸ್‌ಗಾ?” ಎಂದ ಡೆಲ್ಬರ್ಟ್. “ಅಮ್ಮ, ಅದು ನನಗೆ ಅಂತ ಅಪ್ಪ ಸಾಯೋವಾಗ ಹೇಳಿದ್ರಲ್ಲ.”

“ಹೇಳಿದ್ರು. ಪಾಪ, ಅವರಿಗೆ ಎಪ್ಪತ್ತೆರಡರ ವಿಷಯ ಗೊತ್ತಿರಲಿಲ್ಲ.”

“ತಮಾಷೆ ಸಾಕು.”

“ಯಾರು ತಮಾಷೆ ಮಾಡ್ತಿದಾರೆ? ನಮ್ಮಮ್ಮ ತೊಂಬತ್ತೊಂದು ಬದುಕಿದ್ಳು, ನಾನೂ ಇನ್ನೆರಡು ವರ್ಷಕ್ಕೆ ಸಾಯೋಳಲ್ಲ. ನಾನು ಸಾಯೋ ಹೊತ್ತಿಗೆ ನಿನಗೆ ಕೆರೇನೂ ಬೇಡ, ಮನೇನೂ ಬೇಡ. ಮೇವಿಸ್ ದಡ್ಡಿ, ಲೋಕ ಇನ್ನೂ ನಡೆಯುತ್ತೆ ಅಂತ ನಂಬ್ಕೊಂಡಿದಾಳೆ. ನಂಬಿದೋರಿಗೆ ಕೊಟ್ರೆ ಉಪಯೋಗಕ್ಕೆ ಬರುತ್ತೆ.”

ಡೆಲ್ಬರ್ಟ್ ಫೋರ್ಕನ್ನು ತಟ್ಟೆಯ ಮೇಲೆ ಎಸೆದ. ಈರುಳ್ಳಿ ಮೇಜಿಗೆ ಹಾರಿತು. “ಆ ಮನೆಗೆ ಚಾವಣಿ ಹಾಕಿದ್ದು ನಾನು! ನೀರಿನ ತನಕ ಹಲಗೆ ಕಟ್ಟೆ ಕಟ್ಟಿದ್ದು ನಾನು! ಮೇವಿಸ್ ಒಂದು ಮೊಳೆ ಹೊಡೆದಿದಾಳಾ? ಹದಿನೈದು ವರ್ಷ ನಾನು ಅಲ್ಲಿ ಮೈ ಮುರಿದದ್ದು ಯಾತಕ್ಕೆ? ಮುದುಕನಾದ ಮೇಲೆ ಅಲ್ಲಿ ಹೋಗಿ ಕೂರಬೇಕು ಅಂತ ತಾನೇ...”

ಮಾತು ಅಲ್ಲಿಗೆ ನಿಂತಿತು. ಆಡಿದವನಿಗೇ ಅದು ಕೇಳಿಸಿತ್ತು.

“ಏನಂದೆ?” ಎಂದಳು ಅರ್ಡಿತ್.

“ಮಾತಿಗೆ ಅಂದೆ.”

“ಏನಂದೆ ಡೆಲ್? ಇನ್ನೊಂದು ಸಲ ಅನ್ನು.”

ಅವನು ಅನ್ನಲಿಲ್ಲ. ಅಂದವಳು ನೋರೀನ್. ಇಷ್ಟು ವಾರ ಅಪ್ಪನ ಎದುರು ತುಟಿ ಬಿಚ್ಚದಿದ್ದ ಹುಡುಗಿ, ಕುರ್ಚಿಯಿಂದ ಎದ್ದು, ಈ ಸಲ ಕೈ ಹಿಂದೆ ಕಟ್ಟಿಕೊಳ್ಳದೆ, ಮೇಜನ್ನು ಹಿಡಿದು ನಿಂತಳು.

“ಮುದುಕನಾದ ಮೇಲೆ ಅಂದ್ರಿ. ನಿಮಗೆ ನಲವತ್ತನಾಲ್ಕು. ಮುದುಕರಾಗೋದಕ್ಕೆ ಇನ್ನೂ ಇಪ್ಪತ್ತು ವರ್ಷ ಬೇಕು. ನಿಮ್ಮ ಮೀನಿಗೆ ಇಪ್ಪತ್ತು ವರ್ಷ ಲೋಕ ಇರುತ್ತೆ. ನನ್ನ ಓದಿಗೆ ಮೂರು ವರ್ಷ ಇರಲ್ಲ. ಅಲ್ವಾ ಅಪ್ಪ? ನನ್ನದೊಂದೇ ಮುಗಿಯೋದು.”

“ನೋರೀನ್, ಅದು ಹಾಗಲ್ಲ ಕಣೇ...”

“ಹಾಗೇನೇ. ಹೇಗೆ ಹಾಗಲ್ಲ, ಹೇಳಿ.”

ಅರ್ಡಿತ್ ಎದ್ದು ಫ್ರಿಜ್ಜಿನ ಮೇಲಿನಿಂದ ಹಾಳೆ ತಂದು, ಲಿವರ್ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ಅವನ ಮುಂದೆ ಇಟ್ಟಳು. ತನ್ನ ಕೆಲಸದ ಅಂಗಿಯ ಜೇಬಿನಿಂದ ಪೆನ್ನು ಕೊಟ್ಟಳು. “ಹಾಕು,” ಎಂದಳು.

ಡೆಲ್ಬರ್ಟ್ ತಾಯಿಯನ್ನು ನೋಡಿದ. ತಾಯಿ ಈರುಳ್ಳಿ ಆರಿಸಿಕೊಂಡು ತಿನ್ನುತ್ತಿದ್ದಳು. ಮಗಳನ್ನು ನೋಡಲು ಅವನಿಂದಾಗಲಿಲ್ಲ. ಬಗ್ಗಿ ಸಹಿ ಹಾಕಿ, ಹಾಳೆಯನ್ನು ಹೆಂಡತಿಯ ಕಡೆಗೆ ನೂಕಿದ.

ಅವಳು ಅದನ್ನು ಹಾಗೇ ಹಿಂದಕ್ಕೆ ನೂಕಿದಳು. “ಕೆಳಗೊಂದು ಸಾಲು ಖಾಲಿ ಇದೆ.”

ತರಬೇತಿ ಮುಗಿಯುವ ತಿಂಗಳು ಮತ್ತು ಇಸವಿ. ಅಲ್ಲಿಯವರೆಗೆ ಮಗಳನ್ನು ಬಿಡಿಸಿಕೊಳ್ಳುವುದಿಲ್ಲ ಎಂದು ತಂದೆ ಸ್ವತಃ ಬರೆದುಕೊಡಬೇಕಾದ ಸಾಲು.

“ಅದನ್ನ ನೀನೇ ತುಂಬು,” ಎಂದ.

“ನನ್ನ ಕೈಗೆ ಬೆಲೆ ಇಲ್ಲ ಅಂತ ಅಲ್ಲಿ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದಾರೆ. ನಿನ್ನ ಕೈಬರಹವೇ ಬೇಕಂತೆ. ಬರಿ.”

ಅವನು ‘ಜೂನ್’ ಎಂದು ಬರೆದ. ಪೆನ್ನು ಅಲ್ಲೇ ನಿಂತಿತು. ಕಿವಿ ಕೆಂಪಗಾಗಿತ್ತು.

“ಇಸವಿ ಅಪ್ಪ,” ಎಂದಳು ನೋರೀನ್.

ಒಂದು, ಒಂಬತ್ತು, ಏಳು. ಕೊನೆಯ ಅಂಕಿಯನ್ನು ಅವನು ಎಷ್ಟು ಒತ್ತಿ ಬರೆದನೆಂದರೆ ಹಾಳೆ ಸ್ವಲ್ಪ ಹರಿಯಿತು. ಮೂರು. ಅರ್ಡಿತ್ ಅದನ್ನು ಎತ್ತಿ ದೀಪಕ್ಕೆ ಹಿಡಿದು ಓದಿ, ಇನ್ನೊಮ್ಮೆ ಓದಿ, ಮಗಳ ಕೈಗೆ ಕೊಟ್ಟಳು. ಸಮಾಧಾನವಾಯಿತೇ ಎಂದರೆ ಇಲ್ಲ. ಬರೆಯಲು ಬರುತ್ತಿದ್ದವನು ಆರು ವಾರ ಹುಡುಗಿಯನ್ನು ಹುರಿದು ತಿಂದನಲ್ಲ ಎಂದು ಅವಳಿಗೆ ಇನ್ನೂ ಹೆಚ್ಚು ಉರಿಯಿತು.

ಡೆಲ್ಬರ್ಟ್ ತಣ್ಣಗಾದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಒಂದು ತುತ್ತು ತಿಂದ. ಆಮೇಲೆ ತಲೆ ಎತ್ತದೆಯೇ, ಬೇರೆ ಯಾರಿಗೂ ಕೇಳಿಸದಿರಲಿ ಎನ್ನುವ ದನಿಯಲ್ಲಿ ಕೇಳಿದ:

“ಅಮ್ಮ, ಶುಕ್ರವಾರ ಆ ವಕೀಲರ ಹತ್ರ...?”

“ನೋಡೋಣ,” ಎಂದಳು ಹಿಲ್ಡಾ. “ಈಗೇನು ಅವಸರ? ಇನ್ನೂ ಬೇಕಾದಷ್ಟು ಕಾಲ ಇದೆಯಲ್ಲ.”